ಪಟ್ಟಣಗೆರೆ ಶೆಡ್ ಸಿನಿಮಾ ಆಗುವ ಮುಂಚೆ: ‘ನೈಜ ಘಟನೆ ಆಧಾರಿತ’ ಅಂದರೆ ಯಾರ ಕಥೆ?

2024ರ ಜೂನ್ 9ರಂದು ಸುಮನಹಳ್ಳಿ ಬಳಿಯ ರಾಜಕಾಲುವೆ ಪಕ್ಕ ಒಂದು ಶವ ಸಿಕ್ಕಿತು. ಮರುದಿನ ಕೆಲವರು ಕಾಮಾಕ್ಷಿಪಾಳ್ಯ ಠಾಣೆಗೆ ಬಂದು, ಹಣದ ವ್ಯವಹಾರಕ್ಕೆ ತಾವೇ ಕೊಂದದ್ದು ಅಂದರು. ಪೊಲೀಸರಿಗೆ ಅನುಮಾನ ಬಂತು. ಆ ಮಾತು ಬೇರೆಯವರನ್ನು ಉಳಿಸಲು ಕಟ್ಟಿದ ಕಥೆ ಅನ್ನುವುದು ತನಿಖೆ ನಡೆಸಿದವರ ವಾದ. ಜೂನ್ 11ರಂದು ನಟ ದರ್ಶನ್ ಬಂಧನವಾಯಿತು. ಪೊಲೀಸರ ವಾದವೇ ಸರಿ ಅಂತಾದರೆ, ರೇಣುಕಾಸ್ವಾಮಿ ಕೊಲೆ ಪ್ರಕರಣದ ಮೊದಲ ಚಿತ್ರಕಥೆ ಹುಟ್ಟಿದ್ದು ಗಾಂಧಿನಗರದಲ್ಲಲ್ಲ, ಮಾಗಡಿ ರಸ್ತೆಯ ಪೊಲೀಸ್ ಠಾಣೆಯಲ್ಲಿ.

ಗಾಂಧಿನಗರವೂ ತಡ ಮಾಡಲಿಲ್ಲ. ತನಿಖೆ ಇನ್ನೂ ನಡೆಯುತ್ತಿರುವಾಗಲೇ ‘ಪಟ್ಟಣಗೆರೆ ಶೆಡ್’, ‘ಡಿ ಗ್ಯಾಂಗ್’, ‘ಕೈದಿ ನಂಬರ್ 6106’ ಅನ್ನುವ ಹೆಸರುಗಳನ್ನು ಕೇಳಿಕೊಂಡು ಫಿಲ್ಮ್ ಚೇಂಬರ್ ಬಾಗಿಲಿಗೆ ಜನ ಹೋದರು. ಚೇಂಬರ್ ಕೊಡಲಿಲ್ಲ. 6106 ಅನ್ನುವುದು ಪರಪ್ಪನ ಅಗ್ರಹಾರದಲ್ಲಿ ದರ್ಶನ್‌ಗೆ ಕೊಟ್ಟಿದ್ದ ವಿಚಾರಣಾಧೀನ ಕೈದಿ ಸಂಖ್ಯೆ. ಅದನ್ನು ಅಭಿಮಾನಿಗಳು ಗಾಡಿಗಳ ಮೇಲೆ ಅಂಟಿಸಿಕೊಂಡು ಓಡಾಡಿದ್ದನ್ನು ಇಡೀ ರಾಜ್ಯ ನೋಡಿದೆ.

ನಾನು ಇರುವುದು ವಿಜಯನಗರದ ಕಡೆ. ಕೆಂಗೇರಿಗೆ ಹೋಗುವ ನೇರಳೆ ಮಾರ್ಗದ ಮೆಟ್ರೋದಲ್ಲಿ ಪಟ್ಟಣಗೆರೆ ಅನ್ನುವ ನಿಲ್ದಾಣವೇ ಇದೆ. ಆ ಹೆಸರು ಕೇಳಿದ ಕೂಡಲೇ ಬೋಗಿಯಲ್ಲಿ ಯಾರಾದರೊಬ್ಬರು ಶೆಡ್ಡಿನ ಮಾತು ತೆಗೆದದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಒಳಗೆ ಏನೇನಾಯ್ತು, ಯಾರು ಮೊದಲು ಹೊಡೆದರು, ಯಾರು ಏನಂದರು, ಎಲ್ಲಾ ಕಣ್ಣಾರೆ ಕಂಡವರ ಥರ ಹೇಳ್ತಾರೆ. ಅವರು ಕಂಡಿದ್ದು ಟಿವಿಯ ಗ್ರಾಫಿಕ್ಸ್. ಸಿನಿಮಾ ಇನ್ನೂ ಬಂದಿಲ್ಲ, ಆದರೆ ತಲೆಯೊಳಗೆ ಆಗಲೇ ಬಿಡುಗಡೆಯಾಗಿ ಓಡುತ್ತಿದೆ.

ಕೋರ್ಟಿನಲ್ಲಿ ಇರುವ ಚಿತ್ರ ಬೇರೆ. 17 ಆರೋಪಿಗಳು, 3,991 ಪುಟಗಳ ಆರೋಪಪಟ್ಟಿ. 2024ರ ಡಿಸೆಂಬರ್ 13ರಂದು ಹೈಕೋರ್ಟ್ ಜಾಮೀನು ಕೊಟ್ಟಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2025ರ ನವೆಂಬರ್ 3ರಂದು ಆರೋಪ ನಿಗದಿಯಾಯಿತು, ಆರೋಪಿಗಳು ಅದನ್ನು ಒಪ್ಪಿಕೊಳ್ಳಲಿಲ್ಲ. ಆರೋಪಪಟ್ಟಿ ಅಂದರೆ ಒಂದು ಕಡೆಯವರ ವಾದ, ತೀರ್ಪಲ್ಲ. ಆದರೂ ಒಂದಲ್ಲ ಒಂದು ದಿನ ಈ ಪ್ರಕರಣ ಸಿನಿಮಾ ಆಗಿಯೇ ಆಗುತ್ತದೆ, ಇಲ್ಲವೇ ಓಟಿಟಿ ಸರಣಿ ಆಗುತ್ತದೆ. ಅಷ್ಟರೊಳಗೆ ನಾವು ಒಂದು ಪ್ರಶ್ನೆ ಕೇಳುವುದನ್ನು ಕಲಿತಿರಬೇಕು. ‘ಇದು ನಿಜವಾಗಿ ನಡೆದದ್ದಾ?’ ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಪೂರ್ತಿ ಪ್ರಶ್ನೆ ಹೀಗಿದೆ: ಇದು ಯಾರು ಹೇಳಿದ ನಿಜ, ಮತ್ತು ಇದನ್ನು ಸುಳ್ಳು ಅನ್ನುವ ತಾಕತ್ತು ಯಾರಿಗಿತ್ತು?

ಎರಡು ಬೋರ್ಡು, ಒಂದೇ ಅಂಗಡಿ

ಪೋಸ್ಟರಿನ ಮೇಲೆ ‘ನೈಜ ಘಟನೆ ಆಧಾರಿತ’ ಅಂತಿರುತ್ತೆ. ಥಿಯೇಟರ್ ಒಳಗೆ ಕೂತರೆ, ‘ಈ ಚಿತ್ರದ ಪಾತ್ರಗಳೆಲ್ಲ ಕಾಲ್ಪನಿಕ’ ಅನ್ನುವ ಸಾಲು ಬಂದು ಹೋಗುತ್ತೆ. ಮೊದಲನೆಯದು ಟಿಕೆಟ್ ಮಾರುವುದಕ್ಕೆ, ಎರಡನೆಯದು ಕೇಸಿನಿಂದ ತಪ್ಪಿಸಿಕೊಳ್ಳುವುದಕ್ಕೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಆದರೂ ನಾವು ಕೇಳಲ್ಲ.

ಸೆನ್ಸಾರ್ ಮಂಡಳಿ ನೋಡಿಕೊಂಡಿರುತ್ತೆ ಅಂತ ಹಲವರು ಅಂದುಕೊಂಡಿದ್ದಾರೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಮಂಡಳಿಗೆ ವಹಿಸಿರುವ ಕೆಲಸ ಅದಲ್ಲ. ಸಭ್ಯತೆ, ಸಾರ್ವಜನಿಕ ಶಾಂತಿ, ಮಾನಹಾನಿ, ನ್ಯಾಯಾಂಗ ನಿಂದನೆ ಇವೆಲ್ಲ ಅದರ ಲೆಕ್ಕಕ್ಕೆ ಬರುತ್ತವೆ. ತೆರೆಯ ಮೇಲೆ ತೋರಿಸಿದ್ದು ತೀರ್ಪಿನಲ್ಲಿರುವುದಕ್ಕೆ ಹೊಂದುತ್ತದೆಯೇ ಅಂತ ಕಡತ ತೆಗೆದು ತಾಳೆ ನೋಡುವವರು ಅಲ್ಲಿಲ್ಲ. ಹಾಗೆ ನೋಡಬೇಕು ಅಂತಲೂ ನಾನು ಹೇಳುತ್ತಿಲ್ಲ. ಸರ್ಕಾರ ಸತ್ಯಕ್ಕೆ ಮೊಹರು ಒತ್ತಲು ಶುರು ಮಾಡಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು.

ನ್ಯಾಯಾಲಯಗಳು ಈ ವಿಷಯದಲ್ಲಿ ಒಂದು ಗೆರೆ ಎಳೆದಿವೆ. ಮದ್ರಾಸಿನ ಆಟೋ ಶಂಕರ್ ಆತ್ಮಕಥೆಯ ಪ್ರಕಟಣೆ ಕುರಿತ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನ್ಯಾಯಾಲಯದ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಯಾರ ಒಪ್ಪಿಗೆಯೂ ಇಲ್ಲದೆ ಪ್ರಕಟಿಸಬಹುದು. ಅದನ್ನು ಮೀರಿ ಒಬ್ಬರ ಖಾಸಗಿ ಬದುಕಿಗೆ ಕೈ ಹಾಕಿದರೆ ಪ್ರಕಟಿಸಿದವರೇ ಹೊಣೆ. ಲೈಂಗಿಕ ದೌರ್ಜನ್ಯ, ಅಪಹರಣದಂಥ ಅಪರಾಧಕ್ಕೆ ಗುರಿಯಾದ ಹೆಣ್ಣಿನ ಹೆಸರು ದಾಖಲೆಯಲ್ಲಿದ್ದರೂ ಅದನ್ನು ಬಯಲಿಗೆ ತರಬಾರದು. ಗೆರೆ ಸ್ಪಷ್ಟವಾಗೇ ಇದೆ. ಆದರೆ ಅದನ್ನು ದಾಟಿದ್ದೀರಿ ಅಂತ ಕೇಳಬೇಕಾದರೆ ವಕೀಲರು ಬೇಕು, ದುಡ್ಡು ಬೇಕು, ಕೋರ್ಟಿಗೆ ಅಲೆಯುವ ತ್ರಾಣ ಬೇಕು. ಅದು ಇಲ್ಲದವರ ಗತಿ ಏನು?

ಒಂದೇ ಗ್ಯಾಂಗು, ಮೂರು ಸತ್ಯ

ಉತ್ತರ ಬೇಕಿದ್ದರೆ ‘ದಂಡುಪಾಳ್ಯ’ ನೋಡಿ. 2012ರಲ್ಲಿ ಶ್ರೀನಿವಾಸ ರಾಜು ನಿರ್ದೇಶನದಲ್ಲಿ ಬಂದ ಸಿನಿಮಾ. ಪೂಜಾ ಗಾಂಧಿ ಬೀಡಿ ಸೇದುತ್ತಾ ಕಾಣಿಸಿಕೊಂಡ ಪಾತ್ರ ಇವತ್ತಿಗೂ ಮೀಮ್ ಆಗಿ ಓಡಾಡುತ್ತಿದೆ. ಮೊದಲ ಭಾಗದಲ್ಲಿ ಗ್ಯಾಂಗಿನವರು ರಕ್ತ ಕಂಡರೆ ಖುಷಿಪಡುವ ಮೃಗಗಳು, ಪೊಲೀಸ್ ಅಧಿಕಾರಿ ಅವರನ್ನು ಬೇಟೆಯಾಡುವ ನಾಯಕ. 2017ರಲ್ಲಿ ಎರಡನೇ ಭಾಗ ಬಂತು. ಅದರಲ್ಲಿ ಅದೇ ಗ್ಯಾಂಗಿನವರು ಜೈಲಿನಲ್ಲಿ ಪತ್ರಕರ್ತೆಯ ಮುಂದೆ ಕೂತು, ನಾವು ಅಮಾಯಕರು, ಪೊಲೀಸರು ಹೊಡೆದು ಒಪ್ಪಿಸಿದರು ಅಂತ ಹೇಳುತ್ತಾರೆ, ತೆರೆಯ ಮೇಲೆ ಅದೇ ಕಾಣುತ್ತೆ. 2018ರ ಮೂರನೇ ಭಾಗದಲ್ಲಿ ಮತ್ತೆ ಪೊಲೀಸ್ ಮಾತು ಬಂದು, ಎರಡನೇ ಭಾಗದಲ್ಲಿ ಕಂಡಿದ್ದನ್ನು ತಿರುಗಿಸಿ ಹಾಕುತ್ತೆ.

ಒಬ್ಬನೇ ನಿರ್ದೇಶಕ, ಹೆಚ್ಚೂಕಡಿಮೆ ಅದೇ ನಟರು, ಅದೇ ಅಪರಾಧಗಳು, ಸತ್ಯ ಮಾತ್ರ ಮೂರು. ಸತ್ಯಕ್ಕೆ ಹಲವು ಮುಖ ಇದೆ ಅಂತ ತೋರಿಸುವ ಪ್ರಯೋಗ ಅಂತ ಇದನ್ನು ಹೊಗಳಬಹುದಿತ್ತು. ‘ಉಳಿದವರು ಕಂಡಂತೆ’ ಅದನ್ನು ಕಾಲ್ಪನಿಕ ಕಥೆಯಲ್ಲಿ ಚೆನ್ನಾಗಿಯೇ ಮಾಡಿತ್ತು. ಆದರೆ ಆ ಸಿನಿಮಾ ನೋಡುವಾಗ, ಇದು ಒಬ್ಬೊಬ್ಬರು ಕಂಡ ಬಗೆ ಅಂತ ನಮಗೆ ಗೊತ್ತಿರುತ್ತದೆ. ‘ದಂಡುಪಾಳ್ಯ’ದ ಮೊದಲ ಭಾಗ ನೋಡಿ ಹೊರಗೆ ಬಂದವರಿಗೆ ಆ ಗೊತ್ತು ಇರಲಿಲ್ಲ. ಐದು ವರ್ಷ ಆದಮೇಲೆ ‘ಇನ್ನೊಂದು ಮುಖ’ ತೋರಿಸಿದರೆ, ಮೊದಲನೆಯದು ಕೂಡ ಒಂದು ಮುಖ ಮಾತ್ರ ಆಗಿತ್ತು ಅಂತ ನಿರ್ದೇಶಕರೇ ಒಪ್ಪಿಕೊಂಡ ಹಾಗಾಯ್ತು.

ನಿಜವಾದ ಪ್ರಕರಣದಲ್ಲಿ ಒಂದೇ ಒಂದು ಕಥೆ ಇರಲಿಲ್ಲ. ಹಲವಾರು ಕೊಲೆ, ದರೋಡೆಗಳಿಗೆ ಬೇರೆ ಬೇರೆ ವಿಚಾರಣೆ, ಬೇರೆ ಬೇರೆ ಸಾಕ್ಷಿ. ಕೆಳ ನ್ಯಾಯಾಲಯ ಕೊಟ್ಟ ಗಲ್ಲು ಶಿಕ್ಷೆ ಹೈಕೋರ್ಟಿನಲ್ಲಿ ಜೀವಾವಧಿಗೆ ಇಳಿದದ್ದೂ ಇದೆ. ಇಂಥ ಏರಿಳಿತವೆಲ್ಲ ಎರಡು ಗಂಟೆಯ ಸಿನಿಮಾಕ್ಕೆ ಭಾರ. ಸತ್ತವರ ಮನೆಯವರ ನೋವು ದೊಡ್ಡದು, ಅಪರಾಧಗಳು ಭೀಕರ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಂಡುಪಾಳ್ಯ ಅನ್ನುವುದು ಹೊಸಕೋಟೆ ತಾಲ್ಲೂಕಿನ ಒಂದು ಊರು. ಅಲ್ಲಿ ಹುಟ್ಟಿ ಬೆಳೆದು ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಇವತ್ತು ಆ ಹೆಸರು ಬೈಗುಳವಾಗಿದೆ. ರಾಜಕಾರಣಿಗಳು ಎದುರು ಪಕ್ಷವನ್ನು ‘ದಂಡುಪಾಳ್ಯ ಗ್ಯಾಂಗ್’ ಅನ್ನುತ್ತಾರೆ. ಒಂದು ಊರಿನ ಹೆಸರನ್ನು ಪೋಸ್ಟರಿಗೆ ಹಾಕಿ ಮಾರಲಾಯಿತು.

ಪಟ್ಟಣಗೆರೆಯ ಹೆಸರಿಗೆ ಫಿಲ್ಮ್ ಚೇಂಬರ್ ಬೇಡ ಅಂದದ್ದು ಒಳ್ಳೆಯದೇ ಆಯಿತು. ದಂಡುಪಾಳ್ಯಕ್ಕೆ ಆ ಭಾಗ್ಯ ಬರಲಿಲ್ಲ. ಅಲ್ಲಿಯ ಆರೋಪಿಗಳು ಬಡವರು. ಇಲ್ಲಿಯ ಪ್ರಮುಖ ಆರೋಪಿ ಚಿತ್ರರಂಗದ ದೊಡ್ಡ ತಾರೆ, ನವರಂಗ್, ಪ್ರಸನ್ನ, ವೀರೇಶ್‌ನಂಥ ಥಿಯೇಟರುಗಳ ಮುಂದೆ ಅವರ ಕಟೌಟಿಗೆ ಹಾಲು ಸುರಿದವರು ಸಾವಿರಾರು ಜನ. 2024ರ ಸೆಪ್ಟೆಂಬರ್‌ನಲ್ಲಿ ದರ್ಶನ್ ಕಡೆಯಿಂದ ಅರ್ಜಿ ಹೋದಾಗ, ಆರೋಪಪಟ್ಟಿಯ ಗೌಪ್ಯ ಮಾಹಿತಿ ಪ್ರಸಾರ ಮಾಡದಂತೆ ಹೈಕೋರ್ಟ್ ಮಾಧ್ಯಮಗಳಿಗೆ ತಡೆ ಹಾಕಿತು. ಅದು ಸರಿಯಾದ ಆದೇಶ ಅಂತಲೇ ನಾನು ನಂಬುತ್ತೇನೆ, ನ್ಯಾಯಯುತ ವಿಚಾರಣೆ ಎಲ್ಲರ ಹಕ್ಕು. ನನ್ನ ತಕರಾರು ಬೇರೆ. ಆ ಹಕ್ಕು ನೋಟಿಸ್ ಕಳಿಸುವ ಶಕ್ತಿ ಇದ್ದವರಿಗೆ ಮಾತ್ರ ಯಾಕೆ ಸಿಗಬೇಕು?

ಫ್ಲಾಶ್‌ಬ್ಯಾಕ್ ಸುಳ್ಳು ಹೇಳಲ್ಲ ಅನ್ನುವ ನಂಬಿಕೆ

ಕ್ರೈಮ್ ಸಿನಿಮಾಗಳಲ್ಲಿ ಒಂದು ದೃಶ್ಯ ಖಾಯಂ. ಲಾಕಪ್ಪಿನಲ್ಲಿ ಏಟು ಬೀಳುತ್ತೆ, ಆರೋಪಿ ಬಾಯಿ ಬಿಡುತ್ತಾನೆ, ಫ್ಲಾಶ್‌ಬ್ಯಾಕ್ ಶುರುವಾಗುತ್ತೆ. ನಾವು ಕೊಲೆಯನ್ನು ‘ನೋಡುತ್ತೇವೆ’. ಅಲ್ಲಿಗೆ ಅನುಮಾನ ಮುಗೀತು.

ಕಾನೂನು ಇದಕ್ಕೆ ಪೂರ್ತಿ ಉಲ್ಟಾ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯ ಮಾಡುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿದ್ದದ್ದು ಅದೇ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುವುದೂ ಅದೇ. ಆ ಮಾತಿನಿಂದ ಹೊಸದಾಗಿ ಏನಾದರೂ ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ. ಬ್ರಿಟಿಷರ ಕಾಲದಲ್ಲೇ ಈ ನಿಯಮ ಮಾಡಿದ್ದು ಯಾಕೆ ಅಂದರೆ, ಠಾಣೆಯಲ್ಲಿ ಬಾಯಿ ಬಿಡಿಸುವುದು ಹೇಗೆ ಅಂತ ಆಗಲೂ ಎಲ್ಲರಿಗೂ ಗೊತ್ತಿತ್ತು.

ಕೋರ್ಟಿನಲ್ಲಿ ‘ಅವನು ಹೀಗಂದ’ ಅನ್ನುವ ಮಾತು ಕೊನೆಯವರೆಗೂ ‘ಅಂದ’ ಆಗಿಯೇ ಉಳಿಯುತ್ತದೆ, ಯಾರಾದರೂ ಪಾಟೀಸವಾಲು ಹಾಕಿ ಅದನ್ನು ಅಲ್ಲಾಡಿಸಬಹುದು. ತೆರೆಯ ಮೇಲೆ ಅದು ಚಿತ್ರವಾದ ಕೂಡಲೇ ‘ನಡೆಯಿತು’ ಆಗಿಬಿಡುತ್ತದೆ. ಕ್ಯಾಮೆರಾಗೆ ಪಾಟೀಸವಾಲು ಹಾಕುವವರು ಯಾರೂ ಇಲ್ಲ. ಆದ್ದರಿಂದ ಸಿನಿಮಾ ನೋಡುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಫ್ಲಾಶ್‌ಬ್ಯಾಕ್ ಬಂದಾಗ, ಈ ದೃಶ್ಯವನ್ನು ಬದುಕಿ ಬಂದು ಹೇಳಿದವರು ಯಾರು ಅಂತ ಕೇಳಿಕೊಳ್ಳಿ. ಹೇಳಿದವರು ಯಾರೂ ಇಲ್ಲದಿದ್ದರೆ ಅದು ಬರಹಗಾರರ ಕಲ್ಪನೆ. ಪೊಲೀಸರು ಮಾತ್ರ ಹೇಳಿದ್ದರೆ ಅದು ಪೊಲೀಸರ ಕಥೆ.

ಬರೆದವನದೇ ನಾಯಕನ ಪಾತ್ರ

ಪೊಲೀಸ್ ಕಡತದ ಎದುರಿಗೆ ಇನ್ನೊಂದು ಮೂಲ ಇದೆ, ರೌಡಿಯ ನೆನಪು. 2007ರ ‘ಆ ದಿನಗಳು’ ನಮ್ಮ ಭೂಗತ ಸಿನಿಮಾಗಳಲ್ಲಿ ಒಳ್ಳೆಯದು ಅಂತ ನಾನೂ ಹೇಳುತ್ತೇನೆ. ಕೆ.ಎಂ. ಚೈತನ್ಯ ನಿರ್ದೇಶನ, ಗಿರೀಶ್ ಕಾರ್ನಾಡರ ಕೈ ಇದ್ದ ಚಿತ್ರಕಥೆ. 1980ರ ದಶಕದ ಬೆಂಗಳೂರು, ಕೊತ್ವಾಲ್ ರಾಮಚಂದ್ರ, ಜಯರಾಜ್. ಮೂಲ, ಅಗ್ನಿ ಶ್ರೀಧರ್ ಬರೆದ ‘ದಾದಾಗಿರಿಯ ದಿನಗಳು’. ಅವರು ಆ ಲೋಕದೊಳಗೆ ಇದ್ದು ಬಂದು ಬರೆದವರು. ಸಿನಿಮಾದಲ್ಲಿ ಅವರ ಪಾತ್ರ ಅತುಲ್ ಕುಲಕರ್ಣಿ ಮಾಡಿದ್ದರು. 2022ರಲ್ಲಿ ಜಯರಾಜ್ ಬದುಕಿನ ಮೇಲೆ ಬಂದ ‘ಹೆಡ್ ಬುಷ್’ಗೂ ಕಥೆ ಅವರದ್ದೇ.

ಒಳಗಿದ್ದವರ ನೆನಪು ಬೆಲೆಯುಳ್ಳದ್ದು, ಅದು ಸಿಗದೇ ಇದ್ದರೆ ಆ ಕಾಲ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಬೆಂಗಳೂರಿನ ಒಂದಿಡೀ ಕಾಲಘಟ್ಟವನ್ನು ನಮ್ಮ ಪೀಳಿಗೆ ಹೆಚ್ಚಾಗಿ ಒಂದೇ ಪೆನ್ನಿನಿಂದ ತಿಳಿದುಕೊಂಡಿದೆ ಅನ್ನುವುದನ್ನು ಮರೆಯಬಾರದು. ಸತ್ತವರು ಆತ್ಮಕಥೆ ಬರೆಯುವುದಿಲ್ಲ. ಆ ದಾದಾಗಳಿಗೆ ಮಾಮೂಲಿ ಕೊಟ್ಟು ಅಂಗಡಿ ನಡೆಸಿದವರು, ಆಸ್ತಿ ಬಿಟ್ಟುಕೊಟ್ಟು ಊರು ಬಿಟ್ಟವರು ಬರೆದದ್ದೂ ನಮಗೆ ಸಿಕ್ಕಿಲ್ಲ. 1995ರ ‘ಓಂ’ ಚಿತ್ರದಲ್ಲಿ ಉಪೇಂದ್ರ ನಿಜವಾದ ರೌಡಿಗಳನ್ನೇ ನಟರನ್ನಾಗಿ ಮಾಡಿದ್ದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರಿಂದ ಏಟು ತಿಂದವರಿಗೆ ಆ ಸಿನಿಮಾ ಹೇಗೆ ಕಂಡಿತು ಅಂತ ಕೇಳಿದವರು ಎಷ್ಟು ಜನ?

ವೀರಪ್ಪನ್ ಮತ್ತು ಕಾಣದ 89 ಮಂದಿ

ವೀರಪ್ಪನ್ ಸಿನಿಮಾಗಳಲ್ಲಿ ಈ ಆಟ ಇನ್ನೂ ದೊಡ್ಡದು. ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’ 2013ರ ಫೆಬ್ರವರಿಯಲ್ಲಿ ಬಂತು. ತಮ್ಮ ಖಾಸಗಿ ಬದುಕನ್ನು ತಪ್ಪಾಗಿ ತೋರಿಸಲಾಗಿದೆ ಅಂತ ವೀರಪ್ಪನ್ ಪತ್ನಿ ಮುತ್ತುಲಕ್ಷ್ಮಿ ಸುಪ್ರೀಂ ಕೋರ್ಟ್‌ವರೆಗೆ ಹೋದರು, ಚಿತ್ರತಂಡ 25 ಲಕ್ಷ ರೂಪಾಯಿ ಕೊಡುವುದಕ್ಕೆ ಒಪ್ಪಿಕೊಂಡ ಮೇಲೆಯೇ ಬಿಡುಗಡೆಯ ದಾರಿ ಸುಗಮವಾದದ್ದು.

2016ರಲ್ಲಿ ರಾಮ್ ಗೋಪಾಲ್ ವರ್ಮಾ ‘ಕಿಲ್ಲಿಂಗ್ ವೀರಪ್ಪನ್’ ತಂದರು. ವೀರಪ್ಪನ್‌ನನ್ನು ಬೇಟೆಯಾಡುವ ಪೊಲೀಸ್ ಅಧಿಕಾರಿಯಾಗಿ ಶಿವರಾಜ್‌ಕುಮಾರ್. ಅವರ ತಂದೆ ಡಾ. ರಾಜ್‌ಕುಮಾರ್ ಅವರನ್ನು ಇದೇ ವೀರಪ್ಪನ್ 2000ದ ಜುಲೈ 30ರಂದು ಗಾಜನೂರಿನಿಂದ ಅಪಹರಿಸಿ 108 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ವೀರಪ್ಪನ್‌ನನ್ನು ಕೊಂದದ್ದು ತಮಿಳುನಾಡಿನ ವಿಶೇಷ ಕಾರ್ಯಪಡೆ, ಅದರ ಮುಖ್ಯಸ್ಥರು ಕೆ. ವಿಜಯ್ ಕುಮಾರ್. ಸಿನಿಮಾ ನೋಡುವ ಕನ್ನಡಿಗನ ಮನಸ್ಸಿನಲ್ಲಿ ಮಾತ್ರ ಅಣ್ಣಾವ್ರ ಮಗನೇ ಲೆಕ್ಕ ಚುಕ್ತಾ ಮಾಡಿದ. ಒಂದು ಸಂಭಾಷಣೆಯನ್ನೂ ಸುಳ್ಳಾಗಿ ಬರೆಯಬೇಕಾಗಿಲ್ಲ, ಪಾತ್ರಕ್ಕೆ ಯಾರನ್ನು ಆರಿಸಿದರು ಅನ್ನುವುದೇ ಸಾಕು, ಇತಿಹಾಸದ ರುಚಿ ಬದಲಾಗುತ್ತೆ.

ಈ ಕಥೆಯಲ್ಲಿ ಇನ್ನೂ ಒಂದು ಗುಂಪು ಇದೆ. ವೀರಪ್ಪನ್ ಹುಡುಕಾಟದ ಹೆಸರಿನಲ್ಲಿ ಕಾರ್ಯಪಡೆಗಳು ಹಿಡಿದು ಹಿಂಸಿಸಿದ ಕಾಡಂಚಿನ ಹಳ್ಳಿಗರು. ಮಲೆ ಮಹದೇಶ್ವರ ಬೆಟ್ಟದಲ್ಲಿದ್ದ ‘ವರ್ಕ್‌ಶಾಪ್’ ಅನ್ನುವ ಚಿತ್ರಹಿಂಸೆಯ ತಾಣದ ನೆನಪು ಅಲ್ಲಿಯವರಿಗೆ ಇನ್ನೂ ಹಸಿ. ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಅವರ ಮಾತು ಕೇಳಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕು ಅಂದಿತು. ಇದು ಕೂಡ ಸರ್ಕಾರಿ ದಾಖಲೆಯಲ್ಲಿರುವ ‘ನೈಜ ಘಟನೆ’ಯೇ. ಆದರೆ ನಾನು ನೋಡಿದ ಯಾವ ಕನ್ನಡ ವೀರಪ್ಪನ್ ಸಿನಿಮಾಕ್ಕೂ ಆ 89 ಮಂದಿ ನಾಯಕರಾಗಲಿಲ್ಲ. ಸಿನಿಮಾ ಸುಳ್ಳು ಹೇಳುವುದು ಬರೀ ಸೇರಿಸುವುದರಿಂದ ಅಲ್ಲ, ಬಿಟ್ಟುಬಿಡುವುದರಿಂದಲೂ.

ಕಲ್ಪನೆ ತಪ್ಪಲ್ಲ, ಆದರೆ

ಹಾಗಾದರೆ ಸಿನಿಮಾದವರು ಒಂದಕ್ಷರವನ್ನೂ ಬದಲಿಸಬಾರದಾ ಅಂತ ಕೇಳಬಹುದು. ಬದಲಿಸಬಹುದು, ಬದಲಿಸಲೇಬೇಕು. ಹತ್ತು ವರ್ಷದ ವಿಚಾರಣೆಯನ್ನು ಎರಡು ಗಂಟೆಗೆ ಇಳಿಸುವಾಗ ಮೂವರು ವಕೀಲರು ಒಬ್ಬರಾಗುತ್ತಾರೆ, ಐದು ತಿಂಗಳು ಒಂದು ರಾತ್ರಿಯಾಗುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲ. ಯಾವ ಬದಲಾವಣೆಯಿಂದ ತಪ್ಪಿನ ಹೊರೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೋ, ಯಾವುದರಿಂದ ತೀರ್ಪೇ ಬದಲಾಗುತ್ತದೋ, ಅಲ್ಲಿ ಎಚ್ಚರ ಬೇಕು.

ತಮಿಳಿನ ‘ಜೈ ಭೀಮ್’ 1993ರ ಲಾಕಪ್ ಸಾವಿನ ನಿಜ ಪ್ರಕರಣ ಆಧರಿಸಿದ್ದು. ನಿಜದಲ್ಲಿ ಸತ್ತವರು ಕುರವ ಸಮುದಾಯದವರು, ಸಿನಿಮಾದಲ್ಲಿ ಇರುಳರು. ಪೊಲೀಸ್ ಹಿಂಸೆಯ ಸತ್ಯ ಹಾಗೇ ಉಳಿಯಿತು, ಆದರೆ ನೊಂದ ಸಮುದಾಯದ ಹೆಸರೇ ಬದಲಾಯಿತು. ಇದರ ಬಗ್ಗೆ ಚರ್ಚೆ ಆಗಬೇಕು, ಸಿನಿಮಾವನ್ನು ಮೆಚ್ಚಿದವರೇ ಅದನ್ನು ಮಾಡಬೇಕು. ಹಿಂದಿಯ ‘ರುಸ್ತುಂ’ 1959ರ ನಾನಾವತಿ ಪ್ರಕರಣದ್ದು. ಅದರಲ್ಲಿ ನಾಯಕ ಬಿಡುಗಡೆಯಾಗಿ ನಗುತ್ತಾ ಹೊರಗೆ ಬರುತ್ತಾನೆ. ನಿಜದಲ್ಲಿ ಜ್ಯೂರಿ ಬಿಟ್ಟರೂ ಹೈಕೋರ್ಟ್ ಆತನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಇಲ್ಲಿ ಬದಲಾದದ್ದು ಸಣ್ಣ ವಿವರ ಅಲ್ಲ, ನ್ಯಾಯಾಲಯದ ಉತ್ತರವೇ.

ಸಮಯದ ಪ್ರಶ್ನೆಯೂ ಇದೆ. ಮುಂಬೈ ಸರಣಿ ಸ್ಫೋಟದ ಮೇಲಿನ ಅನುರಾಗ್ ಕಶ್ಯಪ್ ಅವರ ‘ಬ್ಲ್ಯಾಕ್ ಫ್ರೈಡೇ’ಗೆ ವಿಚಾರಣೆ ಮುಗಿದಿಲ್ಲ ಅನ್ನುವ ಕಾರಣಕ್ಕೆ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತ್ತು, ಅದು ತೆರೆ ಕಂಡದ್ದು 2007ರಲ್ಲಿ. ನಮ್ಮಲ್ಲಿ ಈಗ ಜ್ಯೂರಿ ಇಲ್ಲ, ನ್ಯಾಯಾಧೀಶರು ಸಿನಿಮಾ ನೋಡಿ ತೀರ್ಪು ಬರೆಯುವುದಿಲ್ಲ ಅಂತ ಕೆಲವರು ವಾದಿಸುತ್ತಾರೆ. ಇರಬಹುದು. ಆದರೆ ಸಾಕ್ಷಿ ಹೇಳುವವರು ನಮ್ಮ ನಿಮ್ಮಂಥವರೇ. ಸೆಕ್ಯುರಿಟಿ ಗಾರ್ಡು, ಅಂಗಡಿಯವರು, ಡ್ರೈವರು. ಅವರೂ ಟಿವಿ ನೋಡುತ್ತಾರೆ, ಅವರ ಮನೆ ಮುಂದೆಯೂ 6106 ಅಂಟಿಸಿದ ಗಾಡಿ ಹೋಗುತ್ತೆ. ಕಂಡದ್ದಕ್ಕೂ ಟಿವಿಯಲ್ಲಿ ನೋಡಿದ್ದಕ್ಕೂ ವ್ಯತ್ಯಾಸ ಮರೆತುಹೋದರೆ, ಅಥವಾ ಹೇಳಲು ಭಯವಾದರೆ, ಕೆಡುವುದು ಕೇಸು. ಅದು ಕೆಟ್ಟರೆ ನಷ್ಟ ಎರಡೂ ಕಡೆಗೆ. ಮಗನನ್ನು ಕಳಕೊಂಡ ಚಿತ್ರದುರ್ಗದ ಮನೆಗೆ ಉತ್ತರ ಸಿಗಲ್ಲ. ಆರೋಪಿಗಳಲ್ಲಿ ನಿರಪರಾಧಿಗಳು ಯಾರಾದರೂ ಇದ್ದರೆ ಅವರಿಗೂ ನ್ಯಾಯ ಸಿಗಲ್ಲ. ಅಲ್ಲಿ ತಾರೆಯ ಜೊತೆ ಹೆಸರೇ ಗೊತ್ತಿಲ್ಲದ ಸಾಮಾನ್ಯರೂ ಆರೋಪಿಗಳಾಗಿದ್ದಾರೆ.

ನಾವು ಮಾಡಬಹುದಾದ ಕೆಲಸ ಸಣ್ಣದೇ, ಆದರೆ ಇದೆ. ಇಂಥ ಸಿನಿಮಾ ಬಂದಾಗ, ಆಧಾರ ಯಾವುದು ಅಂತ ಚಿತ್ರತಂಡವನ್ನು ಜಾಲತಾಣದಲ್ಲಿ, ಸಂದರ್ಶನಗಳಲ್ಲಿ ಕೇಳಿ. ತೀರ್ಪಾ, ಆರೋಪಪಟ್ಟಿಯಾ, ಯಾರದ್ದಾದರೂ ಆತ್ಮಕಥೆಯಾ, ಬರೀ ಪತ್ರಿಕಾ ವರದಿಯಾ? ಕೊನೆಯಲ್ಲಿ ಒಂದು ಕಾರ್ಡ್ ಹಾಕಿ, ಯಾವುದು ದಾಖಲೆಯಿಂದ ಬಂತು, ಯಾವುದನ್ನು ಕಟ್ಟಿದೆವು ಅಂತ ಹೇಳುವುದಕ್ಕೆ ಕಾನೂನು ಬೇಕಾಗಿಲ್ಲ, ಮರ್ಯಾದೆ ಇದ್ದರೆ ಸಾಕು. ಜೊತೆಗೆ ತೀರ್ಪುಗಳನ್ನೇ ಓದಿ. ಹೈಕೋರ್ಟ್, ಸುಪ್ರೀಂ ಕೋರ್ಟ್ ಜಾಲತಾಣಗಳಲ್ಲಿ ಅವು ಪುಕ್ಕಟೆ ಸಿಗುತ್ತವೆ. ಒಣಕಲು ಭಾಷೆ, ನಿಜ. ಆದರೆ ಅಲ್ಲಿ ಪ್ರತಿ ಮಾತಿಗೂ ಇದನ್ನು ಹೇಳಿದವರು ಯಾರು, ಇದಕ್ಕೆ ಎದುರು ಮಾತು ಏನು ಅಂತ ಬರೆದಿರುತ್ತಾರೆ. ಇನ್ನು ಕಥೆಯಲ್ಲಿ ಕಾಣದೇ ಹೋದವರನ್ನು ಹುಡುಕಿ. ಊರಿನವರು, ಸಾಕ್ಷಿಗಳು, ಸತ್ತವರ ಮನೆಯವರು, ಲಾಕಪ್ಪಿನಲ್ಲಿ ಸುಮ್ಮಸುಮ್ಮನೆ ಏಟು ತಿಂದವರು ಎಲ್ಲಿದ್ದಾರೆ ಅಂತ ಕೇಳಿ.

ಸಿನಿಮಾ ನೋಡಬೇಡಿ ಅನ್ನುತ್ತಿಲ್ಲ. ನಾನೂ ನೋಡುತ್ತೇನೆ, ವಿಸಿಲ್ ಹೊಡೆಯುವವರ ಪಕ್ಕದಲ್ಲೇ ಕೂತು ನೋಡುತ್ತೇನೆ. ಆದರೆ ಎದ್ದು ಬರುವಾಗ ತೀರ್ಪನ್ನು ಅಲ್ಲೇ ಸೀಟಿನ ಮೇಲೆ ಬಿಟ್ಟು ಬರೋಣ. ಅದನ್ನು ಕೊಡಬೇಕಾದ ಜಾಗದಲ್ಲಿ ಸಾಕ್ಷಿಗಳು ಇನ್ನೂ ಕಟಕಟೆ ಹತ್ತಬೇಕಿದೆ.